ಕಾಕ ಬರೆದಿಟ್ಟ ಮೂರು ಅಂಕಿಗಳು

ಮೂಡುಬಿದಿರೆಯ ಈ ಬಾಡಿಗೆ ಮನೆಗೆ ಬಂದು ನಾಲ್ಕು ತಿಂಗಳಾದರೂ ಬಾಗಿಲಿಗೆ ಕಾಲಿಂಗ್ ಬೆಲ್ ಇರಲಿಲ್ಲ. ಬಂದವರು ಬಾಗಿಲು ಬಡಿದು, ಕೂಗಿ ಕರೆದು, ಕೊನೆಗೆ ಬೈದುಕೊಂಡು ಹೋಗುತ್ತಿದ್ದರು. ನನಗೆ ಎಡಗಿವಿ ಮಂದ. ಒಪ್ಪಿಕೊಳ್ಳಲಿಕ್ಕೆ ಮನಸ್ಸಿಲ್ಲ, ಅಷ್ಟೇ. ಕಳೆದ ವಾರ ಮನೆಯ ಮಾಲೀಕರೇ ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕಳಿಸಿದರು. ಅವನು ಚೀಲದಿಂದ ಒಂದು ಬಿಳಿ ಪ್ಲಾಸ್ಟಿಕ್ ಸ್ವಿಚ್ ತೆಗೆದು, ಗೋಡೆಗೆ ಕೂರಿಸುವ ಮೊದಲು ಹೆಬ್ಬೆರಳಿನಿಂದ ಒಂದು ಸಲ ಒತ್ತಿ ನೋಡಿದ.

ಟಿಕ್.

ಅಷ್ಟೇ ಸದ್ದು. ಅದು ಮಾತ್ರ ನನ್ನ ಕಿವಿಗೆ ಹೇಗೆ ಬಿತ್ತೋ ದೇವರೇ ಬಲ್ಲ. “ಒಂದು ನಿಮಿಷ, ಬಂದೆ” ಎಂದು ಹೇಳಿ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ನನ್ನ ಅಕ್ಕ ತನ್ನ ಬದುಕಿನ ಕೊನೆಯ ಎರಡು ವರ್ಷ ಮಾತಾಡಿದ್ದು ಇಂಥದೇ ಒಂದು ಸ್ವಿಚ್ಚಿನಿಂದ. ಅದರಿಂದ ಮಾತು ಹೊರಡುವ ಹಾಗೆ ಮಾಡಿಕೊಟ್ಟವರು ವಾಮದಪದವಿನ ಕಂಪ್ಯೂಟರ್ ಅಂಗಡಿಯ ಕಾಕ. ಇಬ್ಬರೂ ಈಗಿಲ್ಲ.

ಕಾಕ ಎಂದರೆ ನಮ್ಮ ಕಡೆ ಬ್ಯಾರಿ ಮುಸ್ಲಿಂ ಹಿರಿಯರನ್ನು ಕರೆಯುವ ಮಾತು. ಅವರ ಅಂಗಡಿ ಪೇಟೆಯ ಔಷಧದಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಕಂಪ್ಯೂಟರ್ ಹೊತ್ತುಕೊಂಡವರು ಅಡ್ಡ ತಿರುಗಿ ಹತ್ತಬೇಕಿತ್ತು. ಗಲ್ಫಿನಲ್ಲಿ ಯಾವುದೋ ದೊಡ್ಡ ಕಚೇರಿಯ ಕಂಪ್ಯೂಟರುಗಳನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡು, ಹೃದಯದ ತೊಂದರೆ ಅಂಟಿಸಿಕೊಂಡು ಊರಿಗೆ ಮರಳಿದವರು ಅವರು. ಕಿಸೆಯಲ್ಲಿ ಎರಡು ಬಾಲ್ ಪೆನ್, ಮೂಗಿನ ತುದಿಯಲ್ಲಿ ಕನ್ನಡಕ, ಅಂಗಡಿಯ ತುಂಬ ಬೆಸುಗೆ ಹಾಕಿದ ಸುಟ್ಟ ವಾಸನೆ… ಆ ವಾಸನೆ ಮೊಬೈಲ್ ರಿಪೇರಿಯ ಅಂಗಡಿಗಳ ಮುಂದೆ ಈಗಲೂ ಒಮ್ಮೊಮ್ಮೆ ಬರುತ್ತದೆ. ನಾನು ಆ ಕಡೆಯ ರಸ್ತೆಬದಿ ಬಿಟ್ಟು ಈ ಕಡೆ ನಡೆಯುತ್ತೇನೆ.

ನಾನಾಗ ಹತ್ತಿರದ ಶಾಲೆಯಲ್ಲಿ ಟೀಚರ್. ಅಂಕಪಟ್ಟಿ ಮುದ್ರಿಸಬೇಕಾದ ಹೊತ್ತಿಗೆ ಸರಿಯಾಗಿ ಶಾಲೆಯ ಪ್ರಿಂಟರ್ ಮುಷ್ಕರ ಹೂಡಿತ್ತು. ಪ್ರಿಂಟರನ್ನೂ ಕಂಪ್ಯೂಟರನ್ನೂ ಆಟೋದಲ್ಲಿ ಹಾಕಿಕೊಂಡು ಹೋದೆ. ನಮ್ಮ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

“ಇದನ್ನು ಯಾರು ಮುಟ್ಟಿದ್ದು?” ಎಂದರು ಕಾಕ, ತಲೆಯೆತ್ತದೆ.

“ನಾನೇ. ಎಲ್ಲ ನಾನೇ ಸರಿ ಮಾಡ್ತೇನೆ ಅಂತ ಅದೇ ಹೇಳಿತು. ಆಯ್ತು ಅಂತ ಒತ್ತಿದೆ.”

“ಅದು ಹೇಳ್ತದೆ ಟೀಚರೇ, ಅದಕ್ಕೇನು. ಅದಕ್ಕೆ ನಿಮ್ಮ ಪರಿಚಯ ಉಂಟಾ?”

ನನ್ನ ನಾಲಿಗೆಯೂ ಸ್ವಲ್ಪ ಉದ್ದವೇ. ಆದರೆ ಅಂಕಪಟ್ಟಿಯ ಅವಸರ ನನ್ನದು, ಸ್ಟೂಲ್ ಎಳೆದುಕೊಂಡು ಕೂತೆ. ಅವರು ಮೇಜಿನ ಕೆಳಗಿನಿಂದ ಕೆಂಪು ರಟ್ಟಿನ ಒಂದು ಉದ್ದ ಪುಸ್ತಕ ತೆಗೆದರು. ಬಂದ ಪ್ರತಿಯೊಬ್ಬರ ಮೆಷಿನ್‌ಗೂ ಅದರಲ್ಲಿ ಒಂದು ಪುಟ. ಕೈ ಹಾಕುವ ಮೊದಲು ಹೇಗಿತ್ತು, ಕೈ ಹಾಕಿದ ಮೇಲೆ ಏನು ಮಾಡಿದೆ ಎಂದು ಒಂದೊಂದು ಅಂಕಿಯನ್ನೂ ಬರೆದಿಡುತ್ತಿದ್ದರು. ಪೇಟೆಯವರು ಅದಕ್ಕೆ ಕಾಕನ ಜಾತಕದ ಪುಸ್ತಕ ಎಂದು ಹೆಸರಿಟ್ಟಿದ್ದರು. “ನಗುವವರು ನಗಲಿ. ನಾಳೆ ಈ ಮೆಷಿನ್ ಪುನಃ ತನ್ನ ಬುದ್ಧಿ ತೋರಿಸ್ತದೆ. ಆಗ ನಾನು ಎಲ್ಲಿಂದ ಹುಡುಕುವುದು?” ಎಂದು ಅವರು ತಮ್ಮಷ್ಟಕ್ಕೆ ಬರೆಯುತ್ತಿದ್ದರು.

ಇನ್ನು ಅಕ್ಕನ ವಿಷಯ. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅಪ್ಪ ತೀರಿಕೊಂಡ ವರ್ಷ ಮಡಿಲಲ್ಲಿ ಬೀಡಿ ಕಟ್ಟುವ ಮೊರ, ನಮ್ಮ ತಡ್ಪೆ, ಇಟ್ಟುಕೊಂಡು ಕೂತವಳು ನಾನು ಟೀಚರ್ ಆಗುವವರೆಗೂ ಏಳಲಿಲ್ಲ. ಆಮೇಲೂ ಏಳಲಿಲ್ಲ, ಅಭ್ಯಾಸವಾಗಿ ಹೋಗಿತ್ತು. ಮದುವೆ ಅವಳಿಗೂ ಆಗಲಿಲ್ಲ, ನನಗೂ ಆಗಲಿಲ್ಲ; ನಮ್ಮಿಬ್ಬರ ಜಗಳಕ್ಕೆ ಮೂರನೆಯವರು ಬೇಕಿರಲಿಲ್ಲ. ನನ್ನ ಮುಖ ನೋಡಿಕೊಂಡು ಬೈಯುತ್ತಿರುವಾಗಲೇ ಅವಳ ಬೆರಳುಗಳು ಎಲೆ ಮಡಚಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ ಬೀಡಿಯನ್ನು ತಡ್ಪೆಗೆ ಹಾಕಿ ಮುಗಿಸುತ್ತಿದ್ದವು. ಕಣ್ಣು ಒಂದು ಸಲವೂ ಕೆಳಗೆ ಹೋಗುತ್ತಿರಲಿಲ್ಲ.

ಒಂದು ದಿನ ಕಟ್ಟಿದ ಬೀಡಿ ಕೊಟ್ಟು ಬರುವ ಬ್ರಾಂಚಿನಲ್ಲಿ ಅವಳ ಕಟ್ಟುಗಳನ್ನು ಸಡಿಲ ಉಂಟು ಎಂದು ವಾಪಸ್ ಕೊಟ್ಟರು. ಮೂವತ್ತು ವರ್ಷದಲ್ಲಿ ಅದು ಮೊದಲ ಸಲ. ಬ್ರಾಂಚಿನವರ ಕಣ್ಣು ಹೋಗಿದೆ ಎಂದು ಎರಡು ದಿನ ಅವರಿಗೆ ಶಾಪ ಹಾಕಿದಳು. ಮೂರನೆಯ ದಿನ ಜಗಲಿಯಲ್ಲಿ ಕೂತಲ್ಲಿಂದಲೇ ನನ್ನನ್ನು ಕರೆದು, “ನೂಲು ಕಟ್ಟಲಿಕ್ಕೆ ಬೆರಳು ಕೇಳುವುದಿಲ್ಲ ಮಾರಾಯ್ತಿ” ಎಂದಳು. ಅವಳ ಸ್ವರದಲ್ಲಿ ಹೆದರಿಕೆ ಇತ್ತು. ನಾನು ಅದುವರೆಗೆ ಅಕ್ಕ ಹೆದರಿದ್ದನ್ನು ನೋಡಿರಲಿಲ್ಲ.

ನರಗಳ ಕಾಯಿಲೆ, ಮದ್ದಿಲ್ಲ ಎಂದರು ಮಂಗಳೂರಿನ ಡಾಕ್ಟರು. ಕಾಲಿನಿಂದ ಚಪ್ಪಲಿ ಜಾರತೊಡಗಿತು, ಆಮೇಲೆ ಕಾಲೇ ನಿಲ್ಲಲಿಲ್ಲ. ನಾಲಿಗೆ ತೊದಲಿತು, ಆಮೇಲೆ ತೊದಲಲಿಕ್ಕೂ ಆಗಲಿಲ್ಲ. ಒಂದೂವರೆ ವರ್ಷದಲ್ಲಿ ಉಳಿದದ್ದು ಎರಡು ಕಣ್ಣು, ಬಲಗೈಯ ತೋರುಬೆರಳು. ತಲೆ ಮಾತ್ರ ಮೊದಲಿನಷ್ಟೇ ಚುರುಕು. ಅದೇ ಶಿಕ್ಷೆ. ಕಣ್ಣು ಮುಚ್ಚಿದರೆ ಹೌದು, ತೆರೆದೇ ಇದ್ದರೆ ಅಲ್ಲ ಎಂದು ನಮ್ಮೊಳಗೆ ಮಾಡಿಕೊಂಡಿದ್ದೆವು. ಬಾಯಾರಿಕೆಯಾ? ಅಲ್ಲ. ಸೊಳ್ಳೆಯಾ? ಅಲ್ಲ. ಕಾಲು ಜೋಮು ಹಿಡಿದಿದೆಯಾ? ಅಲ್ಲ. ಹೀಗೆ ಅರ್ಧ ಗಂಟೆ ಕೇಳಿ ಕೊನೆಗೆ ಎಂಥ ಸಾವು ಮಾರಾಯ್ತಿ ಎಂದು ನಾನು ರೇಗಿದರೆ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲಿಕ್ಕೆ ಅವಳಿಗೆ ಕೈ ಇರಲಿಲ್ಲ.

ಪ್ರಿಂಟರಿಗೆ ಶಾಯಿ ತರಲು ಹೋದಾಗ ಕಾಕನ ಮುಂದೆ ಇದನ್ನು ಹೇಳಿಕೊಂಡೆ. ಅಯ್ಯೋ ಪಾಪ ಎನ್ನಲಿಲ್ಲ ಅವರು. “ಯಾವ ಬೆರಳು?” ಎಂದಷ್ಟೇ ಕೇಳಿದರು.

ಆ ಮಂಗಳವಾರ ಮನೆಗೆ ಬಂದರು. ಹಳೆಯ ಒಂದು ಕೀಬೋರ್ಡ್ ಬಿಚ್ಚಿ, ಅದರ ಹೊಟ್ಟೆಯಿಂದ ಎರಡು ತಂತಿ ಎಳೆದು, ತುದಿಗೆ ಒಂದು ಕಾಲಿಂಗ್ ಬೆಲ್ಲಿನ ಸ್ವಿಚ್ ಬೆಸೆದಿದ್ದರು. ಸ್ವಿಚ್ ಜಾರದ ಹಾಗೆ ಅದರ ಕೆಳಗೆ ಹವಾಯಿ ಚಪ್ಪಲಿಯ ಒಂದು ತುಂಡು ಅಂಟಿಸಿದ್ದರು. ಕಂಪ್ಯೂಟರಿನಲ್ಲಿ ಅಕ್ಷರಗಳ ಒಂದು ಮಣೆ. ಹಳದಿ ಬೆಳಕು ಸಾಲಿನಿಂದ ಸಾಲಿಗೆ ಇಳಿಯುತ್ತದೆ; ಬೇಕಾದ ಸಾಲು ಬಂದಾಗ ಒತ್ತಬೇಕು. ಮತ್ತೆ ಬೆಳಕು ಅಕ್ಷರದಿಂದ ಅಕ್ಷರಕ್ಕೆ ಹೋಗುತ್ತದೆ; ಬೇಕಾದ ಅಕ್ಷರಕ್ಕೆ ಬಂದಾಗ ಇನ್ನೊಮ್ಮೆ ಒತ್ತಬೇಕು. ಕೇಳಲಿಕ್ಕೆ ಸುಲಭ. ಆದರೆ ಅಕ್ಕನ ಬೆರಳು ಕೆಳಗಿಳಿಯುವಷ್ಟರಲ್ಲಿ ಬೆಳಕು ಮುಂದೆ ಹೋಗಿಬಿಡುತ್ತಿತ್ತು. ಒತ್ತಿದರೂ ಬೆರಳು ನಡುಗಿ ಎರಡೆರಡು ಸಲ ತಾಗುತ್ತಿತ್ತು.

ಕಾಕ ನೆಲದ ಮೇಲೆ ಚಾಪೆ ಹಾಕಿಕೊಂಡು ಮೂರು ಗಂಟೆ ಕೂತರು. ಮೊದಲು ಮಾಡಿದ ಕೆಲಸ, ಮೆಷಿನ್ ತನ್ನಷ್ಟಕ್ಕೆ ಹೊಂದಿಸಿಕೊಳ್ಳುವ ಏರ್ಪಾಡನ್ನು ಬಂದ್ ಮಾಡಿದ್ದು. “ಇದು ಎಲ್ಲರಿಗೂ ಆಗ್ತದೆ ಟೀಚರೇ, ಕೆಟ್ಟದ್ದಲ್ಲ. ಅಕ್ಕನಿಗೆ ಆಗುವುದಿಲ್ಲ” ಎಂದರು. ಆಮೇಲೆ ಪರದೆಯ ಮೇಲೆ ಅಂಕಿ ತುಂಬಿಸುವ ಒಂದು ಹಳೆಯ ಕಿಟಕಿ ತೆರೆದು ಮೂರು ಅಂಕಿಗಳನ್ನು ಹುಡುಕತೊಡಗಿದರು. ಬೆಳಕು ಒಂದೊಂದು ಕಡೆ ಎಷ್ಟು ಹೊತ್ತು ನಿಲ್ಲಬೇಕು, ಬೆರಳು ಎಷ್ಟು ಹೊತ್ತು ಒತ್ತಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕು, ಆಮೇಲೆ ನಡುಕದಿಂದ ತಾಗಿದ್ದನ್ನು ಎಷ್ಟು ಹೊತ್ತು ಬಿಟ್ಟುಬಿಡಬೇಕು. ಒಂದನ್ನು ಚೂರು ಏರಿಸಿ ಅಕ್ಕನ ಬೆರಳು ನೋಡುವುದು, ಇನ್ನೊಂದನ್ನು ಚೂರು ಇಳಿಸಿ ಪುನಃ ನೋಡುವುದು. ಅಕ್ಕನ ಬೆರಳನ್ನು ಅಷ್ಟು ಹೊತ್ತು ಯಾವ ಡಾಕ್ಟರೂ ನೋಡಿರಲಿಲ್ಲ.

ಸಂಜೆ ಐದರ ಹೊತ್ತಿಗೆ ಪರದೆಯ ಮೇಲೆ ಅಕ್ಷರ ಕೂಡತೊಡಗಿದವು. ತುಳು ಬಾಯಿಗೆ, ಕನ್ನಡ ಬರವಣಿಗೆಗೆ ಎಂದು ನಂಬಿದವಳು ಅಕ್ಕ, ಕನ್ನಡದಲ್ಲೇ ಬರೆದಳು. ಎರಡು ತಿಂಗಳ ಮೌನದ ನಂತರ ಅವಳು ಹೇಳಿದ ಮೊದಲ ಮಾತು, “ಬಲ ಬೆನ್ನು ತುರಿಸು.” ಎರಡನೆಯದು, “ಸಾರಿಗೆ ಉಪ್ಪು ಹೆಚ್ಚು.” ಕಾಕ ಕನ್ನಡಕ ತೆಗೆದು ನಕ್ಕರು. ನಾನು ಅಕ್ಕನ ಬೆನ್ನು ತುರಿಸುತ್ತ ತುರಿಸುತ್ತ ಅತ್ತುಬಿಟ್ಟೆ.

ಅಲ್ಲಿಂದ ವಾರಕ್ಕೆ ಎರಡು ಸಲ ಬರುತ್ತಿದ್ದರು, ಮಂಗಳವಾರ, ಮತ್ತೆ ಶುಕ್ರವಾರ ಜುಮ್ಮಾ ನಮಾಜು ಮುಗಿಸಿ. ಬೆರಳು ದಿನದಿಂದ ದಿನಕ್ಕೆ ಸೋಲುತ್ತಿತ್ತು, ಅಂಕಿಗಳನ್ನು ಅದಕ್ಕೆ ತಕ್ಕ ಹಾಗೆ ಬದಲಿಸಬೇಕಿತ್ತು. ಬೆಳಕು ನಿಲ್ಲುವ ಹೊತ್ತು ಮೊದಲು ಒಂದೂ ಕಾಲು ಸೆಕೆಂಡ್ ಇದ್ದದ್ದು ಒಂದೂವರೆ ಆಯಿತು, ಒಂದೂ ಮುಕ್ಕಾಲು, ಎರಡು… ಪ್ರತಿ ಸಲ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅಂಕಿ ಏರುವುದೆಂದರೆ ಏನೆಂದು ನಮ್ಮ ಮೂವರಿಗೂ ಗೊತ್ತಿತ್ತು.

ಏಪ್ರಿಲ್‌ನಲ್ಲಿ ಡಾಕ್ಟರು ನನ್ನನ್ನು ಒಂದು ಬದಿಗೆ ಕರೆದರು. ಮುಂದೆ ಉಸಿರಾಟದ ಶಕ್ತಿಯೂ ಹೋಗುತ್ತದೆ. ಆಗ ಗಂಟಲಿಗೆ ತೂತು ಮಾಡಿ ಕೊಳವೆ ಹಾಕಿ ಮೆಷಿನ್‌ಗೆ ಜೋಡಿಸಬಹುದು. ಜೀವ ಉಳಿಯುತ್ತದೆ, ಆದರೆ ಕೊನೆಯವರೆಗೂ ಹಾಗೇ. ಅದು ಬೇಡವೆನ್ನುವವರೂ ಇದ್ದಾರೆ. “ನೀವು ಹೇಳುವುದಲ್ಲ, ಅವರೇ ಹೇಳಬೇಕು. ಈಗಲೇ ಕೇಳಿಟ್ಟುಕೊಳ್ಳಿ” ಎಂದರು. ಮನೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು ಬಹಳ ಹೊತ್ತು ಬೆಳಕು ಹೋಗಿ ಬರುವುದನ್ನು ಸುಮ್ಮನೆ ನೋಡಿದಳು. ಕೊನೆಗೆ ಬರೆದಳು: “ಯೋಚಿಸಿ ಹೇಳುತ್ತೇನೆ. ಅವಸರ ಮಾಡಬೇಡ.”

ಅದೇ ದಿನಗಳಲ್ಲಿ ಒಂದು ಬೆಳಿಗ್ಗೆ ಹಾಲಿನ ಸೊಸೈಟಿಯಲ್ಲಿ ನೆರೆಮನೆಯ ಹೆಂಗಸು ನನ್ನ ಹತ್ತಿರ ಸರಿದು ಹೇಳಿದಳು. “ಟೀಚರೇ, ಹೆಂಗಸರು ಮಾತ್ರ ಇರುವ ಮನೆ. ಆ ಬ್ಯಾರಿ ವಾರಕ್ಕೆ ಎರಡೆರಡು ಸಲ ಬರುವುದು ಚಂದವಾ? ಈಗ ಕಾಲ ಸರಿ ಇಲ್ಲ ಅಲ್ವಾ. ನಿಮ್ಮ ಒಳ್ಳೆಯದಕ್ಕೇ ಹೇಳಿದ್ದು.” ಬೇರೆ ದಿನವಾಗಿದ್ದರೆ ನಾನು ಅವಳ ಮಂಡೆಯ ನೀರಿಳಿಸುತ್ತಿದ್ದೆ. ಆ ದಿನ ಹಾಲಿನ ಪಾತ್ರೆ ಹಿಡಿದುಕೊಂಡು ಮನೆಗೆ ಬಂದೆ. ನನ್ನ ಹೆದರಿಕೆ ನನ್ನ ಮರ್ಯಾದೆಯ ಬಗ್ಗೆಯೋ, ಯಾರಾದರೂ ಕಾಕನ ಮೈಮೇಲೆ ಕೈ ಮಾಡಿಯಾರು ಎಂದೋ… ಎರಡನೆಯದು ಎಂದು ಹೇಳಿಕೊಳ್ಳಲಿಕ್ಕೆ ನನಗೆ ಈಗ ಇಷ್ಟ. ಆದರೆ ಆ ದಿನ ಅದು ಮೊದಲನೆಯದೇ ಆಗಿತ್ತು.

ಮೇ ತಿಂಗಳ ಸಿಡಿಲು ನನಗೊಂದು ನೆಪ ಒದಗಿಸಿತು. ಒಂದು ಸಂಜೆ ಮನೆಯ ಹತ್ತಿರವೇ ಹೊಡೆದು ಕಂಪ್ಯೂಟರಿನ ಬೋರ್ಡ್ ಸುಟ್ಟುಹೋಯಿತು. ಸ್ವಿಚ್ಚೂ ಕೀಬೋರ್ಡಿನ ತುಂಡೂ ಉಳಿದವು. “ಮಂಡೆಬಿಸಿ ಮಾಡಬೇಡಿ, ಇಂಥದ್ದೇ ಹಳೆ ಬೋರ್ಡ್ ಒಂದು ಹುಡುಕಿ ಹಾಕುವ” ಎಂದು ಕಾಕ ಅದನ್ನು ಅಂಗಡಿಗೆ ಒಯ್ದರು. ಅಷ್ಟರಲ್ಲಿ ನನ್ನ ಶಾಲೆಯ ಟೀಚರುಗಳೆಲ್ಲ ಸೇರಿ ಒಂದು ಹೊಸ ಲ್ಯಾಪ್‌ಟಾಪ್ ತಂದುಕೊಟ್ಟರು. ಅದನ್ನು ತೆರೆದ ಕೂಡಲೇ, ಎಲ್ಲವನ್ನೂ ನಾನೇ ನಿಮಗೆ ತಕ್ಕಂತೆ ಹೊಂದಿಸಲೇ ಎಂದು ಅದು ಕೇಳಿತು. ಹೌದು ಎಂದು ಒತ್ತಿದೆ. ಸ್ವಿಚ್ ಸಿಕ್ಕಿಸಿದೆ. ಅಕ್ಷರದ ಮಣೆ ಬಂತು, ಹಳದಿ ಬೆಳಕೂ ಬಂತು. ಸೋಮವಾರ ಕಾಕನಿಗೆ ಫೋನ್ ಮಾಡಿದೆ.

“ಕಾಕ, ಹೊಸದು ಬಂದಿದೆ. ಎಲ್ಲ ತನ್ನಷ್ಟಕ್ಕೇ ಆಗುವಂಥದ್ದು. ಇನ್ನು ನೀವು ತೊಂದರೆ ತಗೊಂಡು ಬರುವುದು ಬೇಡ.”

“ಆಯ್ತು ಟೀಚರೇ. ಏನಾದ್ರೂ ಬೇಕಾದ್ರೆ ಒಂದು ಫೋನ್ ಮಾಡಿ, ಆಯ್ತಾ” ಎಂದರು.

ಹೊಸ ಮೆಷಿನ್‌ಗೆ ಗೊತ್ತಿದ್ದದ್ದು ಗಟ್ಟಿಮುಟ್ಟಾದ ಕೈಗಳು. ಅದರಲ್ಲಿ ಅಂಕಿ ತುಂಬಿಸುವ ಜಾಗವೇ ಕಾಣಲಿಲ್ಲ. ನಿಧಾನ, ಸಾಮಾನ್ಯ, ವೇಗ ಎಂದು ಮೂರೇ ಆಯ್ಕೆ. ಅದರ ನಿಧಾನವೂ ಅಕ್ಕನಿಗೆ ಓಟ. ನಿಧಾನಕ್ಕೆ ಇಟ್ಟರೂ ಮರುದಿನ ಬೆಳಿಗ್ಗೆ ತಾನೇ ಸಾಮಾನ್ಯಕ್ಕೆ ಹೋಗಿ ಕೂತಿರುತ್ತಿತ್ತು. ಬೆರಳು ನಡುಗಿ ನಾಲ್ಕು ಸಲ ತಾಗಿದರೆ ಏನೋ ತಪ್ಪಾಗಿದೆಯೆಂದು ಒಂದು ಪೆಟ್ಟಿಗೆ ಎದ್ದು, ಇದನ್ನು ಬಂದ್ ಮಾಡಲೇ ಎಂದು ಕೇಳುತ್ತಿತ್ತು. ಅದೇ ನಡುಕಕ್ಕೆ ಹೌದು ಎಂದಾಗಿ ಎಲ್ಲ ಬಂದ್ ಆಗುತ್ತಿತ್ತು. ಅಕ್ಕ ಅರ್ಥವಿಲ್ಲದ ನಾಲ್ಕಾರು ಅಕ್ಷರ ಒತ್ತಿ, ಬೆವತು, ನನ್ನ ಮುಖ ನೋಡುತ್ತಿದ್ದಳು. ಕಾಕ ಎಲ್ಲಿ ಎಂದು ಕೇಳುತ್ತಿದ್ದಳೋ ಏನೋ. ನಾನು ಬೇರೆ ಕಡೆ ನೋಡುತ್ತಿದ್ದೆ.

ಹೀಗೆ ಹನ್ನೊಂದು ದಿನ. ಬೇಡ ಎಂದು ನಾನೇ ಹೇಳಿ, ಈಗ ಬನ್ನಿ ಎಂದು ಯಾವ ಮುಖದಲ್ಲಿ ಕರೆಯುವುದು ಎಂಬ ನಾಚಿಕೆ. ದೊಡ್ಡ ಪ್ರಶ್ನೆಯನ್ನು ಕಣ್ಣಿನ ಲೆಕ್ಕದಲ್ಲೇ ಕೇಳಬಹುದಿತ್ತು. ಅಕ್ಕಾ, ಕೊಳವೆ ಬೇಕಾ? ಮುಚ್ಚಿದರೆ ಹೌದು, ತೆರೆದರೆ ಅಲ್ಲ. ಎರಡು ನಿಮಿಷದ ಕೆಲಸ. ಕೇಳಲಿಲ್ಲ. ಮೆಷಿನ್ ಸರಿಯಾದ ಮೇಲೆ ಅವಳೇ ಹೇಳಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವೆಂದರೆ ಉತ್ತರಕ್ಕೆ ಹೆದರಿದ್ದೆ. ಅವಳ ಮಾತು ನಿಂತದ್ದು ನನಗೆ ಒಂದು ರೀತಿಯಲ್ಲಿ ಅನುಕೂಲವೇ ಆಗಿತ್ತು. ಛೇ, ಬರೆಯಲಿಕ್ಕೆ ಕೈ ಬರುವುದಿಲ್ಲ. ಆದರೆ ಹಾಗೇ ಇತ್ತು.

ಹನ್ನೊಂದನೆಯ ದಿನ ಶುಕ್ರವಾರ. ಮಧ್ಯಾಹ್ನ ನಮ್ಮ ನಾಯಿ ಗೇಟಿನ ಹತ್ತಿರ ಸುಮಾರು ಹೊತ್ತು ಬೊಗಳಿತು. ಹಾವೋ ಏನೋ ಎಂದು ಬಿಟ್ಟೆ. ನಾಲ್ಕು ಗಂಟೆಗೆ ಅಕ್ಕನ ಉಸಿರು ಕಟ್ಟಿತು. ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಒಯ್ಯುವಷ್ಟರಲ್ಲಿ ತುಟಿ ನೀಲಿಯಾಗಿತ್ತು. ಅಲ್ಲಿ ಇದ್ದದ್ದು ಬೇರೆ ಡಾಕ್ಟರು. “ಪೇಷಂಟ್ ಮೊದಲೇ ಏನಾದರೂ ಹೇಳಿದ್ದಾರಾ?” ಎಂದು ಕೇಳಿದರು. ನಾನು ಅಕ್ಕನ ಮೇಲೆ ಬಾಗಿ, ಕೊಳವೆ ಹಾಕುವುದಾ ಎಂದು ಕೇಳಿದೆ. ಅವಳ ಕಣ್ಣು ಮುಚ್ಚಿತ್ತು. ಮುಚ್ಚಿದರೆ ಹೌದು. ಉಸಿರು ಸಿಗದವಳ ಕಣ್ಣು ಮತ್ತೆ ಹೇಗಿರುತ್ತದೆ? ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೌದು ಎಂದು ಹೇಳಿ ಸಹಿ ಹಾಕಿದೆ.

ಮೂರು ವಾರದ ಮೇಲೆ ಗಂಟಲಲ್ಲಿ ಕೊಳವೆ, ಪಕ್ಕದಲ್ಲಿ ಉಸಿರಿನ ಮೆಷಿನ್, ಕಫ ಎಳೆಯುವ ಇನ್ನೊಂದು ಮೆಷಿನ್, ಇಷ್ಟರ ಜೊತೆ ಅಕ್ಕನನ್ನು ಮನೆಗೆ ತಂದೆ. ಮರುದಿನ ಕಾಕನಿಗೆ ಫೋನ್ ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ… ಒಂದು ಗಂಟೆಯೊಳಗೆ ಬಂದರು. ಒಬ್ಬರೇ ಬರಲಿಲ್ಲ, ಹೆಂಡತಿಯನ್ನೂ ಕರೆದುಕೊಂಡು ಬಂದರು. ಅಷ್ಟು ದಿನ ಬಂದು ಹೋದವರು ಹೆಂಡತಿಯನ್ನು ಕರೆತಂದದ್ದು ಅದೇ ಮೊದಲು. ಬರುವುದು ಬೇಡ ಎಂದ ನನ್ನ ಫೋನಿನ ಹಿಂದಿದ್ದ ನಿಜವಾದ ಕಾರಣ ಅವರಿಗೆ ಅವತ್ತೇ ಗೊತ್ತಾಗಿತ್ತು ಎಂದು ನನಗೆ ಆಗ ಹೊಳೆಯಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಕಾಕ ಚಾಪೆ ಹಾಕಿಕೊಂಡು ಲ್ಯಾಪ್‌ಟಾಪ್ ತೆರೆದರು. ಹುಡುಕಲೇ ಇಲ್ಲ, ಒಂದು ಸಣ್ಣ ಪೆಟ್ಟಿಗೆಯಲ್ಲಿ ಏನೋ ಹೆಸರು ಟೈಪ್ ಮಾಡಿದರು, ಅಂಕಿ ತುಂಬಿಸುವ ಅದೇ ಹಳೆಯ ಬೂದು ಬಣ್ಣದ ಕಿಟಕಿ ಎದ್ದು ಬಂತು.

“ಇದಾ, ಇಲ್ಲೇ ಉಂಟು ಟೀಚರೇ. ತೆಗೆದಿಲ್ಲ, ಒಳಗೆ ಅಡಗಿಸಿಟ್ಟಿದ್ದಾರೆ. ಇನ್ನೊಂದೆರಡು ವರ್ಷದಲ್ಲಿ ಇದನ್ನೂ ತೆಗೀತಾರೋ ಏನೋ. ಯಾರಿಗೂ ಬೇಡ ಅಂತ ಅವರ ಲೆಕ್ಕ. ಬೇಕಾದವರು ಎಷ್ಟು ಜನ ಇದ್ದಾರೆ ಹೇಳಿ? ನಮ್ಮ ಅಕ್ಕ ಒಬ್ಬರು.”

ತನ್ನಷ್ಟಕ್ಕೆ ಹೊಂದಿಸುವುದನ್ನು ಬಂದ್ ಮಾಡಿ ಮೂರು ಅಂಕಿ ಹಾಕಿದರು. ಮೊದಲನೆಯದು ಮೂರು ಸೆಕೆಂಡ್. ಹಿಂದೆ ಮೂರು ಗಂಟೆ ಹಿಡಿದ ಕೆಲಸ ಈ ಸಲ ಒಂದೇ ಏಟಿಗೆ ಸರಿಯಾಯಿತು. ಅನುಭವ ಎಂದುಕೊಂಡೆ ನಾನು. ಅಕ್ಕನ ಬೆರಳಿನ ಕೆಳಗೆ ಸ್ವಿಚ್ ಇಟ್ಟರು.

ಟಿಕ್. ಬಹಳ ಹೊತ್ತಿನ ಮೇಲೆ ಇನ್ನೊಂದು ಟಿಕ್. ಒಂದೊಂದೇ ಅಕ್ಷರ ಬಂತು. ಅರ್ಧ ಗಂಟೆಯಾಗಿರಬಹುದು.

“ಇದು ನನಗೆ ಬೇಡ ಇತ್ತು.”

ಇದು ಎಂದರೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಅವಳ ಗಂಟಲಿನ ಕೊಳವೆಯಲ್ಲಿ ಉಸಿರು ಸೊರಸೊರ ಎನ್ನುತ್ತಿತ್ತು. ಕಾಕ ಪರದೆಯಿಂದ ಕಣ್ಣು ತೆಗೆದು ನೆಲ ನೋಡುತ್ತ ಕೂತರು. ಅವರ ಹೆಂಡತಿ ಕನ್ನಡ ಓದುತ್ತಿದ್ದರೋ ಇಲ್ಲವೋ, ನನ್ನ ಕೈ ಹಿಡಿದುಕೊಂಡರು. ಬೆಳಕು ಸಾಲಿನಿಂದ ಸಾಲಿಗೆ ಹೋಗುತ್ತಲೇ ಇತ್ತು. ಅಕ್ಕ ಇನ್ನೂ ಒತ್ತುತ್ತಿದ್ದಳು.

“ಕಾಕನಿಗೆ ಚಾ ಕೊಡು.”

ಅಡುಗೆಮನೆಗೆ ಹೋದೆ. ಹಾಲು ಉಕ್ಕಿ ಒಲೆಯ ಮೇಲೆ ಸುರಿದರೂ ನನಗೆ ಗೊತ್ತಾಗಲಿಲ್ಲ. ಕಾಕನ ಹೆಂಡತಿ ಬಂದು ಆರಿಸಿದರು. ಚಾ ಅವರೇ ಮಾಡಿದರು.

ಅಕ್ಕ ಮತ್ತೆ ಎಂಟು ತಿಂಗಳು ಇದ್ದಳು. ಗಂಡಹೆಂಡತಿ ಇಬ್ಬರೂ ಮೊದಲಿನ ಹಾಗೆ ಮಂಗಳವಾರ, ಶುಕ್ರವಾರ ಬರುತ್ತಿದ್ದರು. ನೆರೆಮನೆಯವಳು ಬೇಲಿಯ ಆಚೆಯಿಂದ ನೋಡಿದರೆ ನಾನೂ ಅವಳನ್ನು ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದೆ, ಅವಳೇ ಒಳಗೆ ಹೋಗುತ್ತಿದ್ದಳು. ಬರಬೇಕಾದ ಧೈರ್ಯ ಆಗ ಬಂದು ಏನು ಪ್ರಯೋಜನ. ಒಂದು ಮಧ್ಯಾಹ್ನ ಅಕ್ಕನ ಕಾಲು ಹಿಡಿದುಕೊಂಡು, ತಪ್ಪು ಮಾಡಿದೆ ಎಂದು ಹೇಳಿ ಅತ್ತೆ. ಇಪ್ಪತ್ತು ನಿಮಿಷ ತೆಗೆದುಕೊಂಡು ಅವಳು ಬರೆದದ್ದು, “ಅತ್ತದ್ದು ಸಾಕು. ಕಫ ತೆಗೆ.” ಅದು ಕ್ಷಮೆಯೋ ಅಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ. ಕಫ ತೆಗೆದೆ.

ಅಂಕಿ ನಾಲ್ಕಾಯಿತು, ಐದಾಯಿತು. ಆಮೇಲೆ ಒಂದು ಮಂಗಳವಾರ ಕಾಕ ಎಷ್ಟು ಏರಿಸಿದರೂ ಟಿಕ್ ಎನ್ನಲಿಲ್ಲ. ಒಂದು ಗಂಟೆ ನೋಡಿದರು, ಸ್ವಿಚ್ ತಿರುಗಿಸಿ ಇಟ್ಟರು, ಚಪ್ಪಲಿಯ ತುಂಡು ತೆಗೆದು ಬಟ್ಟೆ ಇಟ್ಟರು. ಬೆರಳಿನ ತುದಿ ಎಲೆಯಷ್ಟೂ ಅಲುಗಲಿಲ್ಲ. ಪುಸ್ತಕದಲ್ಲಿ ಏನೋ ಬರೆದು ಮುಚ್ಚಿ, “ಇನ್ನು ನನ್ನಿಂದ ಆಗುವುದಿಲ್ಲ ಟೀಚರೇ” ಎಂದರು. ಅದಾಗಿ ನಲವತ್ತು ದಿನ ಅಕ್ಕ ಬರೀ ಕಣ್ಣಿನಲ್ಲಿ ಇದ್ದು, ಹೋದಳು.

ಕಾಕನ ಅಂಗಡಿಯೂ ಬಹಳ ದಿನ ಉಳಿಯಲಿಲ್ಲ. ಅವರಿಗೆ ಮೆಟ್ಟಿಲು ಹತ್ತಲಿಕ್ಕೆ ಆಗುತ್ತಿರಲಿಲ್ಲ. ಕಳೆದ ವರ್ಷ ಅವರೂ ತೀರಿಕೊಂಡರೆಂದು ತಿಳಿದು ಹೋದೆ. ಗಂಡಸರೆಲ್ಲ ಅಂಗಳದಲ್ಲಿದ್ದರು, ನಾನು ಒಳಗೆ ಹೆಂಗಸರ ನಡುವೆ ಕೂತು ಬಂದೆ. ಆ ಹನ್ನೊಂದು ದಿನದ ಬಗ್ಗೆ ಕಾಕನ ಹತ್ತಿರ ಒಂದು ಮಾತು ಆಡಬೇಕೆಂದು ವರ್ಷಗಟ್ಟಲೆ ಅಂದುಕೊಂಡಿದ್ದೆ. ಆಡಲಿಲ್ಲ. ತಿಂಗಳ ಮೇಲೆ ಅವರ ಹೆಂಡತಿ ಆ ಕೆಂಪು ರಟ್ಟಿನ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದುಕೊಟ್ಟರು. “ನಿಮಗೆ ಕೊಡಲಿಕ್ಕೆ ಹೇಳಿದ್ದಾರೆ. ಬೇರೆ ಯಾರಿಗೆ ಬೇಕು ಇದು” ಎಂದರು. ಕಪಾಟಿನಲ್ಲಿ ಸೀರೆಗಳ ಅಡಿಗೆ ಇಟ್ಟೆ. ಮನೆ ಬಿಟ್ಟು ಮೂಡುಬಿದಿರೆಗೆ ಬರುವಾಗಲೂ ಹಾಗೇ ಕಟ್ಟಿ ತಂದೆ. ಬಿಚ್ಚಿರಲಿಲ್ಲ.

ಕಳೆದ ವಾರ ಎಲೆಕ್ಟ್ರಿಷಿಯನ್ ಹೋದ ಮೇಲೆ ಬಿಚ್ಚಿದೆ. ನಮ್ಮ ಪುಟದ ತಲೆಯಲ್ಲಿ ಕಾಕನ ಗುಂಡು ಅಕ್ಷರದಲ್ಲಿ “ಟೀಚರ ಅಕ್ಕ” ಎಂದಿತ್ತು. ಕೆಳಗೆ ಸಾಲುಸಾಲಾಗಿ ವಾರ, ತಾರೀಕು, ಮೂರು ಅಂಕಿಗಳು. ಸಿಡಿಲು ಹೊಡೆದಲ್ಲಿಗೆ ನಿಲ್ಲುತ್ತವೆ ಎಂದುಕೊಂಡಿದ್ದೆ. ನಿಂತಿರಲಿಲ್ಲ.

“ಮಂಗಳವಾರ. ಹೋಗಲಿಲ್ಲ. ಈಗ 2.4 ಸೆಕೆಂಡ್ ಬೇಕಾಗಬಹುದು.”

“ಶುಕ್ರವಾರ. ಹೋಗಲಿಲ್ಲ. 2.5.”

“ಮಂಗಳವಾರ. ಹೋಗಲಿಲ್ಲ. 2.7. ಹೊಸ ಮೆಷಿನ್‌ನಲ್ಲಿ ಹಳೆ ಕಿಟಕಿ ಎಲ್ಲಿ ಉಂಟು ಅಂತ ಬೇರೆಯವರ ಲ್ಯಾಪ್‌ಟಾಪಿನಲ್ಲಿ ನೋಡಿ ಇಟ್ಟಿದ್ದೇನೆ.”

“ಶುಕ್ರವಾರ. ಜುಮ್ಮಾ ಮುಗಿಸಿ ಅವರ ಗೇಟಿನವರೆಗೆ ಹೋದೆ. ಟೀಚರ್ ಕರೆಯದೆ ಒಳಗೆ ಹೋಗುವುದು ಸರಿಯಲ್ಲ ಅಂತ ವಾಪಸ್ ಬಂದೆ. ಮೂರಾದರೂ ಬೇಕು.”

ಅದು ಆ ಶುಕ್ರವಾರವೇ. ನಾಯಿ ಬೊಗಳಿದ್ದು ಹಾವಿಗಲ್ಲ. ಅಕ್ಕನ ಉಸಿರು ಕಟ್ಟಲಿಕ್ಕೆ ಆಗ ಇನ್ನೂ ಎರಡು ಗಂಟೆ ಇತ್ತು. ಕಾಕ ಒಳಗೆ ಬಂದಿದ್ದರೆ ಅಷ್ಟು ಹೊತ್ತಿನಲ್ಲಿ ಅವಳು ಬೇಡ ಎಂಬ ಎರಡಕ್ಷರವನ್ನು ಆರಾಮವಾಗಿ ಒತ್ತುತ್ತಿದ್ದಳು.

ಹೊಸ ಬೆಲ್ ಜೋರಾಗಿದೆ, ನನ್ನ ಎಡಗಿವಿಗೂ ಕೇಳುತ್ತದೆ. ಬಂದವರು ಒತ್ತುತ್ತಾರೆ, ನಾನು ಹೋಗಿ ಬಾಗಿಲು ತೆರೆಯುತ್ತೇನೆ. ಪುಸ್ತಕವನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದೇನೆ, ಆ ಪುಟವನ್ನು ದಿನಾ ಓದುತ್ತೇನೆ. ಒಂದೊಂದು ಸೆಕೆಂಡನ್ನೂ ಬರೆದಿಡುತ್ತಿದ್ದ ಮನುಷ್ಯ, ಆ ದಿನ ನಮ್ಮ ಗೇಟಿನ ಹತ್ತಿರ ತಾನು ಎಷ್ಟು ಹೊತ್ತು ನಿಂತದ್ದು ಎಂಬುದನ್ನು ಮಾತ್ರ ಬರೆದಿಲ್ಲ.